ಭೀಮರಾಜನ ಗೋವಾ ದಂಡಯಾತ್ರೆ

"ಗೋವಾ!" ಎಂದ ಭೀಮರಾಜ, ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ. "ನನ್ನ ಬುಲೆಟ್ಟು, ಹಿಂದೆ ನನ್ನ ಹೆಂಡ್ತಿ. ಇಲ್ಲಿಂದ ಬೇಲೂರು, ಚಾರ್ಮಾಡಿ ಘಾಟಿ, ಮಂಗಳೂರು, ಕಾರವಾರ, ಸೀದಾ ಗೋವಾ! ಎಡಗಡೆ ಸಮುದ್ರ, ಬಲಗಡೆ ಬೆಟ್ಟ, ಮಧ್ಯೆ ನಾನು!"

ಅರಸೀಕೆರೆಯ ಆ ಕಚೇರಿಯಲ್ಲಿ ಇಂಥ ಮಾತು ಹಿಂದೆಂದೂ ಕೇಳಿಬಂದಿರಲಿಲ್ಲ. ಅಲ್ಲಿಯವರು ರಜೆ ಹಾಕುತ್ತಿದ್ದುದು ಮದುವೆಗೆ, ತಿಥಿಗೆ, ಹೆಚ್ಚೆಂದರೆ ಹಲ್ಲು ಕೀಳಿಸಿಕೊಳ್ಳುವುದಕ್ಕೆ. ಎಲ್ಲರೂ ಫೈಲು ಬಿಟ್ಟು ಭೀಮರಾಜನ ಮುಖ ನೋಡಿದರು. ಪಕ್ಕದ ಮೇಜಿನ ಪುಟ್ಟರಾಜು ಮಾತ್ರ ನೋಡಿದ್ದು ಕಿಟಕಿಯಾಚೆ ನಿಂತಿದ್ದ ಬುಲೆಟ್ಟನ್ನು. ಅದು ಭೀಮರಾಜನ ಕೈಸೇರುವ ಮೊದಲು ಮೂವರು ಯಜಮಾನರನ್ನು ಕಂಡ ಗಾಡಿ.

"ಸಾರ್, ಇದು ಜಾವಗಲ್ ದಾಟ್ತದಾ?"

"ಗಾಡಿ ಬಗ್ಗೆ ಮಾತಾಡಬೇಡ ಕಣಯ್ಯ! ಇದರ ಎಂಜಿನ್ ಬಿಚ್ಚಿ ಜೋಡಿಸಿದೀನಿ. ನಿಂತ್ರೆ ನನ್ನ ಕೇಳು!"

"ಹಂಗಾದ್ರೆ ನೀವು ಬರೋ ದಿನ ಹಾರ ತಂದು ಕಾಯ್ತೀವಿ ಸಾರ್. ನಿಮ್ಮಿಬ್ಬರಿಗೂ ಹಾಕ್ತೀವಿ. ನಿಮಗೊಂದು, ಗಾಡಿಗೊಂದು."

ಪುಟ್ಟರಾಜುವಿನ ಬಾಯಿ ಅಂಥದ್ದು. ಭೀಮರಾಜ ಮಾತ್ರ ಹಾರ ಎಂಬ ಒಂದೇ ಮಾತನ್ನು ಕಿವಿಗೆ ಹಾಕಿಕೊಂಡು, ಅದರ ಭಾರವನ್ನು ಅಂದಿನಿಂದಲೇ ಕುತ್ತಿಗೆಯಲ್ಲಿ ಅನುಭವಿಸತೊಡಗಿದ.

ಆದರೆ ಈ ದಂಡಯಾತ್ರೆಯ ನಿಜವಾದ ಕಾರಣ ಮನೆಯಲ್ಲಿತ್ತು. ಹೆಂಡತಿ ಯಶೋಧರಾ ಪ್ರೈಮರಿ ಶಾಲೆಯ ಟೀಚರು. ವರ್ಷ ವರ್ಷವೂ ಮಕ್ಕಳಿಗೆ ಸಮುದ್ರದ ಪಾಠ ಮಾಡುತ್ತಿದ್ದಳು, ಆದರೆ ಸಮುದ್ರವನ್ನು ಕಂಡವಳಲ್ಲ. "ಮಿಸ್, ಆ ಕಡೆ ದಡ ಕಾಣ್ತದಾ? ಅಲೆ ಯಾವಾಗ ನಿಲ್ತದೆ?" ಎಂದು ಮಕ್ಕಳು ಕೇಳಿದರೆ ಪುಸ್ತಕದಲ್ಲಿದ್ದಷ್ಟನ್ನು ಹೇಳಿ, ಉಳಿದದ್ದಕ್ಕೆ "ಸುಮ್ನೆ ಕೂತ್ಕೊಳ್ರೋ" ಎನ್ನುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಭೀಮರಾಜ, ಹೊಸ ಗಂಡಂದಿರು ಕೊಡುವಂತೆ, ಸಮುದ್ರ ತೋರಿಸುವ ಮಾತು ಕೊಟ್ಟಿದ್ದ. ಆ ಮಾತು ಹಳತಾಗಿತ್ತು. ಅವಳು ಅದನ್ನು ಎತ್ತಿ ಆಡುತ್ತಿರಲಿಲ್ಲ, ಅವನಿಗೆ ಚುಚ್ಚುತ್ತಿದ್ದುದೂ ಅದೇ.

"ನನಗೆ ಗೋವಾ ಎಲ್ಲ ಬೇಡ ಕಣ್ರೀ," ಎಂದಳು ಯಶೋಧರಾ. "ಒಂದ್ಸಲ ಸಮುದ್ರದಲ್ಲಿ ಕಾಲಿಟ್ಟು ಬಂದ್ರೆ ಸಾಕು. ಮಕ್ಕಳ ಮುಂದೆ ಕಂಡವಳ ಹಾಗೆ ಮಾತಾಡೋದು ತಪ್ಪುತ್ತೆ."

"ಬರೀ ಕಾಲಾ? ಕಾರವಾರದವರೆಗೂ ಅದರ ಪಕ್ಕದಲ್ಲೇ ಕರ್ಕೊಂಡು ಹೋಗ್ತೀನಿ, ಸಾಕು ಸಾಕು ಅನ್ನಬೇಕು ನೀನು!"

ತಯಾರಿಯೋ ತಯಾರಿ! ಎರಡು ಟ್ಯೂಬು, ಸ್ಪಾರ್ಕ್ ಪ್ಲಗ್ಗು, ಕ್ಲಚ್ ಕೇಬಲ್ಲು, ಗಾಳಿ ಹೊಡೆಯುವ ಪಂಪು, ಒಂದು ಚೀಲ ಸ್ಪ್ಯಾನರು. ಬೇಸಿಗೆಯ ಉರಿಯಲ್ಲೂ ತೊಡಲು ಒಂದು ದಪ್ಪ ಕರಿ ಜಾಕೆಟ್ಟು, ಕರಿ ಕನ್ನಡಕ. ಗಾಡಿಯಲ್ಲಿ ಏನೇನು ಕೆಡಬಹುದೋ ಎಲ್ಲಕ್ಕೂ ಮದ್ದು ಅವನ ಚೀಲದಲ್ಲಿತ್ತು. ಗಾಡಿಯ ಹೊರಗೂ ಕೆಡುವಂಥದ್ದು ಇರಬಹುದೆಂದು ಹೊಳೆಯಲಿಲ್ಲ.

ಹೊರಡುವ ದಿನಕ್ಕೆ ಸೋಮವಾರ ಬೆಳಗಿನ ರಾಹುಕಾಲವನ್ನೇ ಹುಡುಕಿ ಇಟ್ಟ. "ನಾವು ಬುದ್ಧನ ಹಾದಿಯವರು. ನಮಗೆ ರಾಹುವೂ ಇಲ್ಲ, ಗುಳಿಕನೂ ಇಲ್ಲ. ಎಲ್ಲ ವಾರವೂ ಒಂದೇ!" ಎಂದು ತಾಯಿ ಲಕ್ಕಮ್ಮನೆದುರು ಭಾಷಣ ಬಿಗಿದ. ಲಕ್ಕಮ್ಮ ಗಾಡಿಯ ಹ್ಯಾಂಡಲ್ಲಿಗೆ ಒಂದು ನಿಂಬೆಹಣ್ಣು ಕಟ್ಟಿ, ಮಾಲೇಕಲ್ಲು ತಿಮ್ಮಪ್ಪನಿಗೆ ಒಂದು ಹರಕೆ ಹೊತ್ತಳು.

ಇಷ್ಟಕ್ಕೇ ನಿಂತಿದ್ದರೆ ಭೀಮರಾಜ ಗೋವಾ ಕಾಣುತ್ತಿದ್ದ. ಆದರೆ ಅವನ ಸಂತೋಷ ಅರಸೀಕೆರೆಯೊಳಗೆ ಹಿಡಿಸಲಿಲ್ಲ. ಸಂಜೆ ಸಂಜೆ ಬಸ್‌ಸ್ಟ್ಯಾಂಡಿನ ಬಳಿಯ ಎಸ್‌ಟಿಡಿ ಬೂತಿನಲ್ಲಿ ನಿಂತು, ದಾರಿಯುದ್ದಕ್ಕೂ ಇದ್ದ ನೆಂಟರಿಗೆಲ್ಲ ಫೋನು ಹಚ್ಚಿದ. "ಸೋಮವಾರ ನಿಮ್ಮೂರ ಮೇಲೆ ಹಾದು ಹೋಗ್ತೀವಿ. ಗೋವಾಕ್ಕೆ! ಹೂಂ, ಬುಲೆಟ್ಟಲ್ಲೇ!" ನೆಂಟರು ರಸ್ತೆ ಬದಿ ನಿಂತು ಕೈ ಬೀಸುತ್ತಾರೆ, ತಾನು ಹಾರನ್ ಹೊಡೆಯುತ್ತ ಧೂಳೆಬ್ಬಿಸಿಕೊಂಡು ಮಾಯವಾಗುತ್ತೇನೆ ಎಂಬುದು ಅವನ ಕನಸು. ಆ ಸೀಮೆಯಲ್ಲಿ ಹುಟ್ಟಿ ಬೆಳೆದವನೇ ಹೀಗೆ ತಿಳಿದರೆ ಏನು ಹೇಳೋಣ! ಅಲ್ಲಿ ಬರುತ್ತೇನೆಂದು ಹೇಳಿದವನಿಗೆ ಯಾರೂ ಕೈ ಬೀಸುವುದಿಲ್ಲ, ಕೋಳಿ ಕುಯ್ಯುತ್ತಾರೆ.

ಸೋಮವಾರ ರಾಹುಕಾಲದಲ್ಲಿ ಬುಲೆಟ್ಟು ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. "ನೋಡ್ದಾ ರಾಹೂನ!" ಎಂದ ಭೀಮರಾಜ. ಗಾಡಿ ಗುಡುಗುಡು ಎನ್ನುತ್ತ ಬಾಣದಂತೆ ಹೋಗಿ ಜಾವಗಲ್ ಮುಟ್ಟಿತು. ಅಲ್ಲಿ ನಡುರಸ್ತೆಯಲ್ಲಿ ಎರಡೂ ಕೈ ಚಾಚಿ ನಿಂತಿದ್ದ ಅವನ ಸೋದರಮಾವ ಹನುಮಯ್ಯ.

"ಏನ್ಲಾ ಭೀಮ, ಮನೆ ಮುಂದೇನೇ ಹಾದು ಹೋಗ್ತೀಯಾ? ಇಳೀಲಾ ಕೆಳಗೆ!"

"ಮಾವ, ಗೋವಾಕ್ಕೆ ಹೊತ್ತಾಗ್ತದೆ."

"ಗೋವಾ ಎಲ್ಲಿಗೆ ಓಡಿ ಹೋಗ್ತದ್ಲಾ? ಮುದ್ದೆ ಆರೋಗ್ತದೆ!"

ಬೆಳಗಿನ ತಿಂಡಿಯ ಹೊತ್ತಿಗೆ ಮುದ್ದೆ, ನಾಟಿಕೋಳಿ ಸಾರು. ಹನುಮಯ್ಯ ಬಡಿಸುವಾಗ ಸಾಕು ಎಂಬ ಪದ ಅವನಿಗೆ ಕೇಳಿಸುವುದಿಲ್ಲ. ಉಂಡು ಎದ್ದರೆ ಬಾಗಿಲಲ್ಲಿ ಹಿಂದಿನ ಬೀದಿಯ ದ್ಯಾವಮ್ಮ. ಯಶೋಧರೆಗೆ ದೊಡ್ಡಮ್ಮನಾಗಬೇಕು, ಮುಖ ಆಗಲೇ ಊದಿತ್ತು.

"ಗಂಡನ ಕಡೆಯೋರ ಮನೇಲಿ ಉಂಡಾಯ್ತು. ನಮ್ಮನೆ ಕೋಳಿ ಕಹೀನಾ ಮಗಳೇ?"

ಭೀಮರಾಜ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು. ಒಂದು ಮನೆಯಲ್ಲಿ ಉಂಡು ಇನ್ನೊಂದು ಮನೆಯಲ್ಲಿ ಬಿಟ್ಟರೆ ಆ ಮಾತು ಮೊಮ್ಮಕ್ಕಳ ಮದುವೆಯ ದಿನವೂ ಏಳುತ್ತದೆಂದು ಇಬ್ಬರಿಗೂ ಗೊತ್ತು. ಆ ಕೋಳಿಯೂ ಆಯಿತು. ಜಾಕೆಟ್ಟಿನ ಜಿಪ್ಪು ಮೇಲೇಳಲಿಲ್ಲ.

ಬಿಸಿಲಿಳಿಯುವಾಗ ಹಳೇಬೀಡು ಬಂತು. ಪಕ್ಕದ ಬಸ್ತಿಹಳ್ಳಿಯೇ ಯಶೋಧರೆಯ ತವರು. ಭೀಮರಾಜ ಎಂಜಿನ್ ಸದ್ದು ತಗ್ಗಿಸಿ ಮೆಲ್ಲಗೆ ನುಸುಳಲು ನೋಡಿದ. ಬುಲೆಟ್ಟು ನುಸುಳುವ ಜಾತಿಯ ಗಾಡಿಯಲ್ಲ. ಅದರ ಗುಡುಗು ಕೇಳಿ ಅತ್ತೆ ಕಮಲಾಕ್ಷಮ್ಮ ಆರತಿ ತಟ್ಟೆ ಹಿಡಿದೇ ಬೀದಿಗೆ ಬಂದರು.

"ಮಗಳು ಬಾಗಿಲಿಗೆ ಬಂದು, ರಾತ್ರಿ ಒಂದೂ ಇರದೆ ಹೋಗೋದುಂಟಾ ಅಳಿಯಂದ್ರೇ?"

ಸರಿ, ಒಂದು ರಾತ್ರಿ. ಮರುದಿನ ಬೆಳಗ್ಗೆ ಭೀಮರಾಜ ಜಾಕೆಟ್ಟು ತೊಟ್ಟು, ಕನ್ನಡಕ ಏರಿಸಿ, ಹೊಸಲು ದಾಟಿದ. ಹಿಂದೆ ನೋಡಿದರೆ ಹೆಂಡತಿ ಹೊಸಲಿನ ಒಳಗೇ ನಿಂತಿದ್ದಾಳೆ. ಅವಳ ಮುಂದೆ ಕಮಲಾಕ್ಷಮ್ಮ.

"ಮಂಗಳವಾರ ಅಳಿಯಂದ್ರೇ."

"ಆದ್ರೆ?"

"ಮಂಗಳವಾರ, ಶುಕ್ರವಾರ ಹೆಣ್ಮಕ್ಕಳನ್ನ ಮನೆಯಿಂದ ಕಳಿಸಲ್ಲ. ನಿಮ್ಮಮ್ಮಂಗೂ ಗೊತ್ತು."

"ನಾವು ಅದನ್ನೆಲ್ಲ ನಂಬಲ್ಲ ಅತ್ತೆ!"

"ನೀವು ನಂಬಬೇಡಿ, ನೀವು ಹೋಗಿ ಬನ್ನಿ. ಅಳಿಯನ್ನ ಕಳಿಸಬಾರದು ಅಂತ ಯಾವ ವಾರವೂ ಇಲ್ಲ."

ಎಲ್ಲ ವಾರವೂ ಒಂದೇ ಎಂದಿದ್ದ ಮಹಾಶಯ ಮಂಗಳವಾರದ ಮುಂದೆ ಮಂಡಿಯೂರಿದ! ಹೆಂಡತಿಯಿಲ್ಲದೆ ಸಮುದ್ರ ನೋಡಿ ಮಾಡುವುದೇನು? ಹೊತ್ತು ಹೋಗದೆ ಕೆರೆಯ ಏರಿಯ ಮೇಲೆ ಬುಲೆಟ್ಟು ನಿಲ್ಲಿಸಿಕೊಂಡು ಕುಳಿತ. ದೇವಸ್ಥಾನ ನೋಡಲು ಬಂದಿದ್ದ ಬೆಂಗಳೂರಿನ ಹುಡುಗರು ಜಾಕೆಟ್ಟು ಕಂಡು ಮುತ್ತಿಕೊಂಡರು.

"ಸೂಪರ್ ಸಾರ್! ಎಲ್ಲಿಂದ ಬರ್ತಾ ಇದೀರಾ? ಲಡಾಖಾ?"

"ಅರಸೀಕೆರೆ," ಎಂದ ಭೀಮರಾಜ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಫೋಟೊ ತೆಗೆಯದೆ ಹೊರಟುಹೋದರು.

ಬುಧವಾರ ಬೆಳಗಾಗುತ್ತಲೇ ಬೇಲೂರು. ಅಲ್ಲಿ ಯಶೋಧರೆಯ ಅಕ್ಕ ಆಶಾರಾಣಿಯ ಮನೆ. ತಂಗಿ ಬರುವಳೆಂದು ಆಶಾರಾಣಿ ಮರಿ ಕಡಿಸಿದ್ದಳು. ಕಮಲಾಕ್ಷಮ್ಮನೂ ಕಜ್ಜಾಯದ ಡಬ್ಬಿ ಹಿಡಿದು ಬಸ್ಸಿನಲ್ಲಿ ಹಿಂದೆಯೇ ಬಂದಿಳಿದರು. ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದ ಭೀಮರಾಜನ ಹೊಟ್ಟೆ, ಬಾಡೂಟದ ಮೂರನೆಯ ಪೆಟ್ಟಿಗೆ ಕೈಯೆತ್ತಿಬಿಟ್ಟಿತು. ಆ ಸಂಜೆಯಿಂದ ಗುರುವಾರವಿಡೀ ಅವನು ಹಿತ್ತಿಲಿಗೂ ಚಾಪೆಗೂ ನಡುವೆ ಮಾಡಿದ ಓಡಾಟವನ್ನು ಒಂದೇ ಕಡೆಗೆ ಮಾಡಿದ್ದರೆ ಕಾರವಾರ ಸಿಗುತ್ತಿತ್ತು. ಟ್ಯೂಬು, ಪ್ಲಗ್ಗು, ಕೇಬಲ್ಲು ಎಲ್ಲವೂ ಚೀಲದಲ್ಲಿ ಹೊಚ್ಚ ಹೊಸದಾಗಿಯೇ ಇದ್ದವು. ಬುಲೆಟ್ಟು ಅಂಗಳದಲ್ಲಿ ಕಲ್ಲುಗುಂಡಿನಂತೆ ಆರೋಗ್ಯವಾಗಿತ್ತು!

ಸಂಜೆ ಯಶೋಧರಾ ಓಮದ ನೀರು ತಂದು ಪಕ್ಕದಲ್ಲಿ ಕುಳಿತಳು.

"ಬಿಡ್ರೀ, ಪರವಾಗಿಲ್ಲ. ನಿಮ್ಮ ರಜೆ ಭಾನುವಾರಕ್ಕೆ ಮುಗಿಯುತ್ತೆ, ಪಾಠ ಮುಂದಿನ ವರ್ಷವೂ ಇರುತ್ತೆ."

ಅವಳು ರೇಗಿದ್ದರೆ ಅವನಿಗೆ ಎಷ್ಟೋ ಮೇಲಿತ್ತು. ಆ ತಣ್ಣನೆಯ ಮಾತಿಗೆ ಭೀಮರಾಜನ ಕಣ್ಣು ತುಂಬಿಬಂತು. ಊರಿಗೆಲ್ಲ ಫೋನು ಮಾಡಿ ಮೆರೆದದ್ದು ತಾನು, ಸಮುದ್ರ ತಪ್ಪಿದ್ದು ಅವಳಿಗೆ. ನಾಳೆ ಪ್ರಾಣ ಹೋದರೂ ಸರಿ ಮಂಗಳೂರು ಮುಟ್ಟಿಸುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿದ.

ನಾಳೆ ಶುಕ್ರವಾರವಾಗಿತ್ತು.

ಬೆಳಗ್ಗೆ ಗೋಡೆ ಹಿಡಿದುಕೊಂಡು ಎದ್ದು, ಜಾಕೆಟ್ಟಿಗೆ ಒಂದು ತೋಳು ತೂರಿಸುವಷ್ಟರಲ್ಲಿ ಕಮಲಾಕ್ಷಮ್ಮ ಬಾಗಿಲಲ್ಲಿ ಪ್ರತ್ಯಕ್ಷ. "ಅಕ್ಕನ ಮನೆ ಆದ್ರೂ ತವರೇ ಅಲ್ವಾ ಅಳಿಯಂದ್ರೇ? ಶುಕ್ರವಾರ ಕಳಿಸಲ್ಲ."

ಭೀಮರಾಜನ ತಾಳ್ಮೆ ಕಿತ್ತುಹೋಯಿತು. "ಹಾಗಾದ್ರೆ ನಿಮ್ಮ ಮಗಳು ಈ ಜನ್ಮದಲ್ಲಿ ಸಮುದ್ರ ನೋಡೋದು ಬೇಡ್ವಾ ಅತ್ತೆ?"

"ಸಮುದ್ರಾನಾ?" ಕಮಲಾಕ್ಷಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ನೀವು ಗೋವಾ ಗೋವಾ ಅಂತಿದ್ರಿ. ಅಲ್ಲಿ ಕುಡಿಯೋಕೆ ಹೋಗ್ತಾರೆ ಅಂತ ಕೇಳಿದ್ದೆ. ಸಮುದ್ರಕ್ಕೆ ಅಂತ ಮೊದಲೇ ಹೇಳಬಾರದಾ? ನಾನೂ ನೋಡಿಲ್ಲ ಕಣ್ರಪ್ಪ. ಆಶಾ, ಸೀರೆ ಉಟ್ಕೊಳ್ಳೇ!"

"ಇವತ್ತು ಶುಕ್ರವಾರ ಅಲ್ವಾ?" ಎಂದ ಭೀಮರಾಜ ತೊದಲುತ್ತ.

"ಹೆಣ್ಮಕ್ಕಳನ್ನ ಕಳಿಸಬಾರದು ಅಂತ ಇರೋದು. ಅಮ್ಮನೇ ಜೊತೇಲಿ ಕರ್ಕೊಂಡು ಹೋದ್ರೆ ಅದು ಕಳಿಸೋದು ಹೆಂಗಾಗ್ತದೆ?"

"ಇದನ್ನ ಮಂಗಳವಾರವೇ ಹೇಳಬಾರದಿತ್ತಾ ಅತ್ತೆ!"

"ನೀವು ಕೇಳಿದ್ರಾ?"

ಭೀಮರಾಜ ಕೇಳಿರಲಿಲ್ಲ. ಭಾಷಣ ಮಾಡಿದ್ದ, ಅಷ್ಟೇ. "ನಾನೂ ಬರ್ತೀನಿ," ಎಂದು ಎರಡು ಹೆಜ್ಜೆ ಮುಂದಿಟ್ಟವನು ಮೂರನೆಯ ಹೆಜ್ಜೆಗೆ ದಿಕ್ಕು ಬದಲಿಸಿ ಹಿತ್ತಿಲಿಗೆ ಓಡಿದ. ಅವನು ತಿರುಗಿ ಬರುವಷ್ಟರಲ್ಲಿ ಮೂವರು ಹೆಂಗಸರೂ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು.

"ಹೋಗಿ ಬರ್ಲಾ?" ಎಂದಳು ಯಶೋಧರಾ. ಅವಳ ಕಾಲು ಆಗಲೇ ಬೀದಿಯಲ್ಲಿತ್ತು, ಮುಖ ಮಾತ್ರ ಗಂಡನ ಕಡೆಗಿತ್ತು.

"ಹೋಗು ಕಣೇ," ಎಂದ ಭೀಮರಾಜ. "ನನ್ನ ಪಾಲಿಂದೂ ನೋಡ್ಕೊಂಡು ಬಾ."

ಅವರು ಮಂಗಳೂರಿನ ಬಸ್ಸು ಹತ್ತಿ ಹೋದರು. ಅವನು ಗಂಜಿ ಕುಡಿದು, ಬುಲೆಟ್ಟಿಗೆ ಆತು ಕುಳಿತು, ಆಶಾರಾಣಿ ಒಣಹಾಕಿದ್ದ ಹಪ್ಪಳಕ್ಕೆ ಕಾಗೆ ಎರಗದಂತೆ ನೋಡಿಕೊಂಡ.

ಶನಿವಾರ ಸಂಜೆ ಯಶೋಧರಾ ಬಂದಳು. ಸೀರೆಯ ಅಂಚು ಉಪ್ಪಿಗೆ ಬಿರುಸಾಗಿತ್ತು, ಕೈಯಲ್ಲಿ ಮಕ್ಕಳಿಗೆ ರುಚಿ ತೋರಿಸಲು ಒಂದು ಬಾಟಲಿ ಸಮುದ್ರದ ನೀರು. ಆ ಕಡೆ ದಡ ಕಾಣುವುದಿಲ್ಲವಂತೆ, ಅಲೆ ನಿಲ್ಲುವುದೇ ಇಲ್ಲವಂತೆ, ಅಮ್ಮ ನೀರಿನಿಂದ ಮೇಲೇಳಲು ಒಪ್ಪದೆ ಚಪ್ಪಲಿ ಎರಡನ್ನೂ ಸಮುದ್ರಕ್ಕೆ ಕೊಟ್ಟು ಬಂದರಂತೆ. ಅವಳು ರಾತ್ರಿ ಊಟದವರೆಗೂ ಹೇಳಿದಳು. ಅಷ್ಟು ಮಾತಾಡಿದ್ದನ್ನು ಭೀಮರಾಜ ಕಂಡೇ ಇರಲಿಲ್ಲ. ಹೊಟ್ಟೆಯ ಸಂಕಟ ಯಾವಾಗ ಹೋಯಿತೋ ಅವನಿಗೇ ತಿಳಿಯಲಿಲ್ಲ. ಮಾತು ಕೊಟ್ಟವನು ತಾನು, ನಡೆಸಿಕೊಟ್ಟವರು ಅತ್ತೆ. ಆದರೂ ಅವಳ ಮುಖ ನೋಡಿ ಅವನಿಗೆ ಸುಖವೆನಿಸಿತು.

ಭಾನುವಾರ ಬುಲೆಟ್ಟು ಒಂದು ಕೆಮ್ಮೂ ಕೆಮ್ಮದೆ ಇಬ್ಬರನ್ನೂ ಅರಸೀಕೆರೆಗೆ ತಂದಿಳಿಸಿತು. ಮನೆಯ ಮುಂದೆ ಗುಂಪು! ಪುಟ್ಟರಾಜು ಮಾತಿಗೆ ತಪ್ಪದೆ ಕಚೇರಿಯವರನ್ನೆಲ್ಲ ಕರೆತಂದಿದ್ದ. ಭೀಮರಾಜನ ಕುತ್ತಿಗೆಗೊಂದು ಸೇವಂತಿಗೆ ಹಾರ ಬಿತ್ತು, ಗಾಡಿಯ ಹಾರ ಮಾತ್ರ ಮರೆತುಹೋಗಿತ್ತು.

"ಒಪ್ಕೊಂಡೆ ಸಾರ್! ಗಾಡಿ ನಿಲ್ಲಲಿಲ್ಲ!" ಎಂದ ಪುಟ್ಟರಾಜು. "ಈಗ ಹೇಳಿ ಸಾರ್, ಸಮುದ್ರ ಹೆಂಗಿತ್ತು?"

ಎಲ್ಲರೂ ಕಿವಿಯಾದರು. ಭೀಮರಾಜ ಹೆಂಡತಿಯ ಕಡೆ ನೋಡಿದ. ಯಶೋಧರಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅವರನ್ನೇನು ಕೇಳ್ತೀರಾ ಪುಟ್ಟರಾಜು? ನಾನು ನೀರಿಗೆ ಇಳಿದಾಗ ಅವರು ಪಾಪ ಗಾಡಿ ಕಾಯ್ತಾ ಇದ್ರು."

ಒಂದಕ್ಷರ ಸುಳ್ಳಿಲ್ಲ! ಭೀಮರಾಜನಿಗೆ ಹೋದ ಉಸಿರು ಬಂತು. ಎಂಥ ಹೆಂಡತಿ, ಎಂಥ ಮಾತು, ಎಂಥ ಮಾನ ಉಳಿಸಿದಳು! ಅವನು ಎದೆ ಸೆಟೆಸಿ ಹಾರ ಸರಿಪಡಿಸಿಕೊಳ್ಳುವಷ್ಟರಲ್ಲಿ ಪುಟ್ಟರಾಜು ಕನಿಕರದಿಂದ ಕೇಳಿದ.

"ಅಯ್ಯೋ ಪಾಪ, ಅಷ್ಟೊತ್ತೂ ಬಿಸಿಲಲ್ಲಿ ಕಾದ್ರಾ? ಗಾಡಿ ಎಲ್ಲಿ ನಿಲ್ಲಿಸಿದ್ರಿ ಸಾರ್?"

ಭೀಮರಾಜ ಹಾರವನ್ನು ಮೆಲ್ಲಗೆ ತೆಗೆದು ಬುಲೆಟ್ಟಿನ ಕೊರಳಿಗೆ ಹಾಕಿದ.

"ಬೇಲೂರಲ್ಲಿ ಕಣಯ್ಯ," ಎಂದ.