ನನ್ನ ಎಡಗಿವಿಯ ರಿಕಾಪು ಎಲುಬಿನವರಿಗೆ

ಹಂಸಭಾವಿ, ೧೯೬೩

ಮಾನ್ಯರೇ,

ಅಕ್ಕಿಕಾಳಿಗಿಂತ ಸಣ್ಣವರಾಗಿದ್ದೂ ಈ ಮನೆಯ ಯಜಮಾನಿಯನ್ನೇ ಆಳುತ್ತಿರುವ ತಮಗೆ ಅಡಿವೆವ್ವನ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಾವೂ ಗಟ್ಟಿಯಾಗಿಯೇ ಇರುವಿರೆಂದು ಹುಬ್ಬಳ್ಳಿಯ ಕಿವಿ ಡಾಕ್ಟರರಿಂದ ತಿಳಿಯಿತು.

ಅವರು ಹೇಳಿದಂತೆ, ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರದ ತಾವು ಸದ್ದು ಬಂದಾಗಲೆಲ್ಲ ಒಳಗಿವಿಯ ಕಿಂಡಿಯಲ್ಲಿ ಅಲುಗಾಡಿ ಅದನ್ನು ಆಚೆ ದಾಟಿಸಬೇಕಿತ್ತು. ತಮ್ಮ ಪಾದದ ಸುತ್ತಲಿನ ಮೆತ್ತನೆಯ ನಾರು ಈಗ ಎಲುಬಾಗಿದೆ. ಅದರ ಮೇಲೆ ಹೊಸ ಎಲುಬೂ ಬೆಳೆದು, ಗಾರೆ ಹಾಕಿ ಕೂರಿಸಿದ ಹಾಗೆ ಕುಳಿತಿದ್ದೀರಿ. ಹಿಡಿದ ಜಾಗ ಬಿಡದ ಈ ನಿಷ್ಠೆ ನನ್ನ ಗಂಡುಮಕ್ಕಳಲ್ಲಿ ಒಬ್ಬನಿಗೂ ಇಲ್ಲ.

ಆದರೆ ಮೊನ್ನೆ ಆ ಗಂಡುಮಕ್ಕಳು ಪಡಸಾಲೆಯಲ್ಲಿ ಕುಳಿತು ನನ್ನ ಮಗಳು ಗುತ್ತೆವ್ವನಿಗೆ ತಡಸ ಊರಿನ ಗಂಡನ್ನು ಗೊತ್ತುಮಾಡುವಾಗ, ತಮ್ಮ ಹಾಗೂ ಬಲಗಿವಿಯಲ್ಲಿ ಹೀಗೇ ಕುಳಿತಿರುವ ತಮ್ಮ ಜೋಡಿಯವರ ದಯದಿಂದ ಏನೂ ಕೇಳಿಸದೆ ನಾನು ಗಾಂಭೀರ್ಯಕ್ಕೆಂದು ತಲೆಯಾಡಿಸಿದೆ. ಅದು ಒಪ್ಪಿಗೆಯಾಯಿತು.

ಗದ್ದಲದ ನಡುವೆ ಮಾತ್ರ ಮಾತು ಚೆನ್ನಾಗಿ ಕೇಳಿಸುವುದು ಈ ಕಾಯಿಲೆಯ ಗುಣವಂತೆ. ನನ್ನ ಸೊಸೆಯಂದಿರು ಇದನ್ನರಿಯರು. ಬಂದೇಸಾಬನ ಹಿಟ್ಟಿನ ಗಿರಣಿಯಲ್ಲಿ ನನ್ನ ಪಕ್ಕದಲ್ಲೇ ನಿಂತು ಹಿರಿಯವಳು ದುರಗವ್ವ, “ಹುಡುಗ ಕುಡಿತಾನಂತ. ಮದಲಿನ ಹೇಂತಿ ಹೊಡತಾ ತಾಳಲಾರದ ತವರಿಗೆ ಓಡಿಹೋಗ್ಯಾಳಂತ!” ಎಂದು ಕೂಗಿದಳು. ಕಿರಿಯವಳು ಹುಚ್ಚವ್ವ, “ಮೆಲ್ಲಕ ಅನ್ನ ಯಕ್ಕಾ, ಅತ್ತಿ ಅದಾರ!” ಎಂದಳು. “ಪಡಸಾಲ್ಯಾಗ ಕೇಳದಾಕಿಗೆ ಗಿರಣ್ಯಾಗ ಕೇಳ್ತೈತೇನ? ಸುಮ್ನಿರ!”

ನಾನು ಹಿಟ್ಟು ಜರಡಿ ಹಿಡಿದು ನೋಡುತ್ತ ನಿಂತೆ.

ಸೋಮವಾರ ತಡಸದ ಹಿರಿಯರು ಮಾತು ಮುಗಿಸಲು ಬರುತ್ತಾರೆ. ಅದೊಂದು ಮಧ್ಯಾಹ್ನ ದಯಮಾಡಿ ತಾವು ಎದ್ದು ಎರಡು ಹೆಜ್ಜೆ ಅಡ್ಡಾಡಬೇಕು. ಇಲ್ಲವೇ ನನ್ನ ಹಿರಿಮಗನ ಕಿವಿಗೆ ವರ್ಗವಾಗಬೇಕು, ಅಲ್ಲಿ ಹೇಗೂ ಕೆಲಸವಿಲ್ಲ. ಎರಡೂ ಆಗದಿದ್ದರೆ ಚಿಂತೆಯಿಲ್ಲ. ಜಮಖಾನೆಯನ್ನು ಗಿರಣಿಯಲ್ಲೇ ಹಾಸಲು ಹೇಳಿದ್ದೇನೆ. ಎಂಜಿನ್ ನಿಲ್ಲಿಸಕೂಡದೆಂದೂ ಹೇಳಿದ್ದೇನೆ. ಮೊದಲನೆಯ ಹೆಂಡತಿ ಎಲ್ಲಿ ಎಂದು ನಾನು ಕೇಳುವೆ. ಹುಡುಗನ ತಂದೆ ಊರಿಗೆಲ್ಲ ಕೇಳುವಂತೆ ಕೂಗಿಯೇ ಉತ್ತರ ಕೊಡಬೇಕಾಗುತ್ತದೆ.

ತಮ್ಮಷ್ಟೇ ಅಲುಗದ, ತಮ್ಮ ವಿಶ್ವಾಸಿ,
ಅಡಿವೆವ್ವ

ತಾ.ಕ.: ಮುಂಬಯಿಯಲ್ಲಿ ತಮ್ಮಂಥವರನ್ನು ಕಿತ್ತು ಆ ಜಾಗಕ್ಕೆ ಉಕ್ಕಿನ ತಂತಿ ಹಾಕುತ್ತಾರಂತೆ. ನನ್ನ ಅವ್ವನಿಗೂ ಇದೇ ಕಿವಿಯಿತ್ತು; ತವರಿನ ಕಡೆಯವರೆಂದು ಇಷ್ಟು ದಿನ ಸಂಕೋಚಪಟ್ಟೆ. ಗುತ್ತೆವ್ವನನ್ನು ಒಳ್ಳೆಯ ಮನೆಗೆ ಕೊಟ್ಟ ಮರುದಿನವೇ ರೈಲು ಹತ್ತುತ್ತೇನೆ. ತಂತಿಗೆ ಮನೆತನವಿಲ್ಲ, ಹೇಳಿದ ಕೆಲಸ ಮಾಡಿಕೊಂಡಿರುತ್ತದೆ.