ಮೂರು ಸಲ ಬಳಸಿದರೆ ನಿಮ್ಮದು

ಉಪ್ಪಿಟ್ಟಿನ ತಟ್ಟೆ ಮುಂದೆ ಬಂದಾಗ ಬದರಿನಾಥರು ಸುಮ್ಮನೆ ತಿಂದು ಎದ್ದಿದ್ದರೆ ಆ ದಿನ ಅಷ್ಟೊಂದು ಕೆಡುತ್ತಿರಲಿಲ್ಲ. ಆದರೆ ಮಧ್ಯಾಹ್ನ ಮೂರಕ್ಕೆ ಇಂಟರ್‌ವ್ಯೂ, ಇನ್ನೂ ನಾಲ್ಕು ಇಂಗ್ಲಿಷ್ ಪದ ಕೈವಶ ಆಗಬೇಕು. ಅಂಥ ಮನುಷ್ಯ ಸುಮ್ಮನಿರುವುದಾದರೂ ಹೇಗೆ?

ಚೆನ್ನೈನ ಟಿ. ನಗರದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಅವರು ಮೂವತ್ತೊಂದು ವರ್ಷದಿಂದ ಅಸಿಸ್ಟೆಂಟ್. ಆಫೀಸರ್ ಹುದ್ದೆಗೆ ಐದು ಸಲ ಇಂಟರ್‌ವ್ಯೂಗೆ ಹೋಗಿ, ಐದು ಸಲವೂ ಇಂಗ್ಲಿಷಿನಲ್ಲಿ ತಡವರಿಸಿ ವಾಪಸ್ ಬಂದಿದ್ದರು. ಈಗ ವಯಸ್ಸು ಐವತ್ತೇಳು. ಇದೇ ಕೊನೆಯ ಅವಕಾಶ. ಎರಡು ತಿಂಗಳ ಹಿಂದೆ ಮಗಳು ಮಾನ್ಯಾ ಯಾವುದೋ ಕೋರ್ಸಿನ ಅರ್ಜಿಯಲ್ಲಿ, ತಂದೆಯ ಹುದ್ದೆ ಎಂಬಲ್ಲಿ ‘ಆಫೀಸರ್’ ಎಂದು ತುಂಬಿದ್ದನ್ನು ಅವರು ನೋಡಿಬಿಟ್ಟಿದ್ದರು. ಹೆತ್ತ ಮಗಳಿಗೆ ನಾಚಿಕೆ ತರುವ ಹುದ್ದೆಯಲ್ಲೇ ರಿಟೈರ್ ಆಗುವುದೆಂದರೆ ಏನು ತಮಾಷೆಯೇ?

ಅಂದಿನಿಂದ ಮೊಬೈಲಿನಲ್ಲಿ ಒಬ್ಬ ಮೇಷ್ಟರ ಪಾಠ ಶುರುವಾಯಿತು. ಮೇಷ್ಟರ ಸೂತ್ರ ಒಂದೇ: ಅರ್ಥ ಉರು ಹೊಡೆದರೆ ಪದ ನಿಮ್ಮದಾಗುವುದಿಲ್ಲ, ಕಲಿತ ದಿನವೇ ಮೂರು ಸಲ ಬಳಸಬೇಕು, ಬಳಸಿದರೆ ಜನ್ಮಕ್ಕೂ ನಿಮ್ಮದು. ಬದರಿನಾಥರು ಅದನ್ನು ವ್ರತದಂತೆ ಹಿಡಿದರು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಹಣೆಯ ಗೋಪೀಚಂದನ ಒಣಗುವ ಮೊದಲೇ, ಬೆರಳ ಗೆಣ್ಣು ಎಣಿಸುತ್ತ ಪದಗಳ ಪಾರಾಯಣ. ಇವತ್ತಿನ ನಾಲ್ಕು: ಅಬ್‌ಸ್ಟೇನ್, ಅಂದರೆ ಬೇಕೆಂದೇ ದೂರವಿರುವುದು. ವೀಹಿಮೆಂಟ್, ಆವೇಶದ್ದು. ಡೆಟ್ರಿಮೆಂಟಲ್, ಕೇಡು ತರುವಂಥದ್ದು. ಇರ್ರಿಪ್ಲೇಸಬಲ್, ಬದಲಿ ಸಿಗದಂಥದ್ದು.

“ಲಕ್ಷ್ಮೀ, ಇವತ್ತು ಉಪ್ಪಿಟ್ಟಿನಿಂದ ಅಬ್‌ಸ್ಟೇನ್ ಆಗ್ತೀನಿ,” ಎಂದರು.

“ಹಾಗಂದ್ರೆ?” ಎಂದಳು ಹೆಂಡತಿ ವೆಂಕಟಲಕ್ಷ್ಮಿ.

“ಕಣ್ಮುಂದೆ ಇದ್ರೂ ಬೇಕೂಂತ್ಲೇ ಬಿಡೋದು.”

“ಸೆರಿ ಬಿಡಿ. ಐದು ಗಂಟೆಗೆ ಎದ್ದು ಮಾಡಿದ್ದಕ್ಕೆ ಒಳ್ಳೇ ಮರ್ಯಾದೆ!” ಎಂದು ಅವಳು ತಟ್ಟೆ ಎತ್ತಿಕೊಂಡು ಹೋಗಿಯೇಬಿಟ್ಟಳು. ಉದಾಹರಣೆಗೆ ಹೇಳಿದ್ದು ಕಣೇ ಎಂದು ಹಿಂದೆ ಹೋಗಿ ಅಂಗಲಾಚಲು ಗಂಡಸಿನ ಮಾನ ಅಡ್ಡ ಬಂತು.

ಮಾನ್ಯಾ ಎಂದಿನಂತೆ ತಮಿಳಿನಲ್ಲೇ, “ವೇಂಡಾಂ ಪಾ, ನಾರ್ಮಲ್ಲಾ ಪೇಸುಂಗೋ ಪಾ,” ಎಂದಳು. ಬೇಡಪ್ಪ, ಸರಿಯಾಗಿ ಮಾತಾಡು ಅಂತ. ಸರಿಯಾಗಿ ಮಾತಾಡಿಯೇ ಮೂವತ್ತೊಂದು ವರ್ಷ ಕಳೆಯಿತಲ್ಲ ಮಗಳೇ ಎಂದುಕೊಂಡು ಅವರು ಹಸಿದ ಹೊಟ್ಟೆಯಲ್ಲಿ ಮೆಟ್ಟಿಲಿಳಿದರು.

ಕೆಳಗೆ ಗೇಟಿಗೆ ಅಡ್ಡವಾಗಿ ನೀರಿನ ಲಾರಿ ನಿಂತಿತ್ತು. ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ಸುಬ್ರಾಯರು, ರೈಲ್ವೆಯಿಂದ ರಿಟೈರ್ ಆದವರು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಕರಾವಳಿ ಬಿಟ್ಟು ನಲವತ್ತು ವರ್ಷವಾದರೂ ಅವರ ಮಾತಿನ ಧಾಟಿ ಬದಲಾಗಿರಲಿಲ್ಲ.

“ಓ ಬದರಿನಾಥರೇ, ನೋಡಿ ಮಾರಾಯ್ರೆ! ಇವ ಪುನಃ ಇಲ್ಲಿಯೇ ನಿಲ್ಲಿಸಿದ್ದಾನೆ. ಇವನಿಗೆ ಎಂತ ಮಾಡುವುದು?”

“ಇದಕ್ಕೆ ನನ್ನದು ವೀಹಿಮೆಂಟ್ ಅಬ್ಜೆಕ್ಷನ್ ಇದೆ,” ಎಂದರು ಬದರಿನಾಥರು. ಎಂದವರು ದಾಟಿ ಹೋಗಬೇಕಿತ್ತು. ಸುಬ್ರಾಯರು ಗಪ್ಪನೆ ತೋಳು ಹಿಡಿದರು.

“ಹಾಗೆ ಹೇಳಿ! ಇಷ್ಟು ದಿನ ಎಲ್ಲಿಟ್ಟಿದ್ರಿ ಈ ಇಂಗ್ಲಿಷು? ಬನ್ನಿ, ಲಾರಿ ಮಾಲೀಕನಿಗೆ ಒಂದು ಕಾಗದ ಬರೆಯಿರಿ. ಓದಿ ಅವ ನಡುಗಬೇಕು.”

ಆಫೀಸಿಗೆ ಹೊತ್ತಾಯಿತು ಎನ್ನಲು ಬಾಯಿ ತೆರೆದವರಿಗೆ ಡೆಟ್ರಿಮೆಂಟಲ್ ನೆನಪಾಯಿತು. ಸ್ಕೂಟರಿನ ಸೀಟಿನ ಮೇಲೆ ಹಾಳೆಯಿಟ್ಟು, ಈ ಲಾರಿ ನಿವಾಸಿಗಳ ಶಾಂತಿಗೆ ಡೆಟ್ರಿಮೆಂಟಲ್ ಎಂದು ಬರೆದೇ ಬರೆದರು. ಸುಬ್ರಾಯರು ಫೋಟೋ ತೆಗೆದು ಮಾಲೀಕನ ಮೊಬೈಲಿಗೆ ಕಳಿಸಿಯೂ ಆಯಿತು.

ಬದರಿನಾಥರು ಆಫೀಸು ಮುಟ್ಟಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಹೆಂಡತಿಯ ಫೋನ್.

“ಏನೂಂದ್ರೆ, ಅದೇನು ಬರೆದ್ರಿ ನೀವು? ಲಾರಿಯವನು ನೀರು ಬಿಡದೆ ಹೊರಟುಹೋದ. ಮೂರನೇ ಮಹಡಿ ಬೋರಮ್ಮನೋರು ಮೈಗೆಲ್ಲ ಸೋಪು ಹಚ್ಕೊಂಡು ಬಚ್ಚಲಲ್ಲೇ ನಿಂತಿದಾರಂತೆ! ಎಲ್ರೂ ನಮ್ಮ ಬಾಗಿಲಿಗೆ ಬಂದಿದಾರೆ.”

“ಸುಬ್ರಾಯರು ಏನಂತಾರೆ?”

“ಕಾಗದ ಬದರಿನಾಥರದ್ದು, ಅವ್ರನ್ನೇ ಕೇಳಿ ಅಂತಾರೆ.”

ಥೂ, ಎಂಥ ಜನ! ಆದರೂ ಅವರೊಳಗೆ ಎಲ್ಲೋ ಒಂದು ಸಣ್ಣ ಹೆಮ್ಮೆ ತಲೆಯೆತ್ತಿತು. ಜೀವಮಾನದಲ್ಲಿ ಮೊದಲ ಸಲ ಅವರ ಇಂಗ್ಲಿಷಿನಿಂದ ಏನಾದರೂ ಆಗಿತ್ತು. ನಿಂತಿದ್ದ ಲಾರಿಯೇ ಜಾಗ ಬಿಟ್ಟು ಓಡಿತ್ತು.

ಆ ಶಾಖೆಯಿಂದ ಇಂಟರ್‌ವ್ಯೂಗೆ ಇದ್ದವರು ಇಬ್ಬರೇ. ಇವರೊಬ್ಬರು, ಇನ್ನೊಬ್ಬ ಉಪೇಂದ್ರ. ಹದಿನೈದು ವರ್ಷ ಚಿಕ್ಕವನು. ಇಂಗ್ಲಿಷ್ ಇವರಿಗಿಂತ ಕಡೆ. ಆದರೆ ಮ್ಯಾನೇಜರ್ ವಿಶ್ವನಾಥ್ ಏನು ಹೇಳಿದರೂ ಇಡೀ ಮಹಡಿಗೆ ಕೇಳುವಂತೆ ನಗುವ ವಿದ್ಯೆ ಗೊತ್ತಿತ್ತು. ಇರುವುದು ಒಂದೇ ಹುದ್ದೆ, ಚೆನ್ನೈ ಅಂಚಿನ ಮಣಲಿಯ ಶಾಖೆಯಲ್ಲಿ.

ಹನ್ನೆರಡಕ್ಕೆ ವಿಶ್ವನಾಥ್ ಒಳಗೆ ಕರೆದು ಬಾಗಿಲು ಹಾಕಿಸಿದರು. ಮೈಸೂರಿನ ಕಡೆಯವರು, ಮಾತು ಮೆತ್ತಗೆ.

“ಬದರಿ, ಒಂದು ಗುಟ್ಟಿನ ಕೆಲಸ. ನಮ್ಮ ಬ್ರಾಂಚಿಂದ ಇಂಟರ್‌ವ್ಯೂಗೆ ಹೋಗ್ತಿರೋ ಒಬ್ರು ಸೆಲೆಕ್ಟ್ ಆಗ್ಬಾರ್ದು. ಕಮಿಟಿಗೆ ನಾನೊಂದು ನೋಟ್ ಕಳಿಸ್ಬೇಕು. ನನ್ನ ಇಂಗ್ಲಿಷ್ ನಿಮಗೆ ಗೊತ್ತಲ್ಲ. ನೀವೇ ಬರ್ಕೊಡಿ. ಹೆಸರಿನ ಜಾಗ ಖಾಲಿ ಬಿಡಿ, ನಾನು ತುಂಬ್ತೀನಿ.”

ಬದರಿನಾಥರು ಲೆಕ್ಕ ಹಾಕಿದರು. ಇರುವವರು ಇಬ್ಬರು. ಬರೆಯಲು ಕೂತವನು ತಾನು. ತನ್ನ ಗುಂಡಿ ತೋಡಲು ಯಾರಾದರೂ ತನ್ನ ಕೈಗೇ ಗುದ್ದಲಿ ಕೊಡುತ್ತಾರೆಯೇ? ಅಂದಮೇಲೆ ಉಪೇಂದ್ರನೇ. ನಗುವುದಕ್ಕೂ ಒಂದು ಮಿತಿ ಇದೆ ಎಂದು ಸಾಹೇಬರಿಗೆ ಕೊನೆಗೂ ಗೊತ್ತಾಯಿತು!

“ಏನಂತ ಬರೀಲಿ ಸಾರ್? ಸೋಮಾರಿ ಅಂತಲಾ?”

“ಛೆ ಛೆ. ಹೊಗಳಿಯೇ ಕೂರಿಸ್ಬೇಕು. ಈ ಸೀಟಿಗೆ ಇವ್ರೇ ಆಗ್ಬೇಕು, ಇವ್ರು ಹೋದ್ರೆ ಬ್ರಾಂಚ್ ಮುಳುಗುತ್ತೆ ಅನ್ನಿ.”

ಹೆಸರಿನ ಜಾಗ ಖಾಲಿ ಬಿಟ್ಟು, ಉಪೇಂದ್ರನನ್ನು ನೆನೆದು ಇರ್ರಿಪ್ಲೇಸಬಲ್ ಎಂದು ಬರೆಯುವಾಗ ಬದರಿನಾಥರ ಕೈ ಒಮ್ಮೆ ತಡೆಯಿತು. ಅವನು ರಜೆ ಹಾಕಿದ ದಿನ ಆಫೀಸಿನ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ಪದವನ್ನು ಮೂರು ಸಲ ಬಳಸಬೇಕಲ್ಲ? ಬಳಸಿದರು. ಇವರನ್ನು ಮೇಲಕ್ಕೆ ಕಳಿಸುವುದು ಸಂಸ್ಥೆಗೇ ಡೆಟ್ರಿಮೆಂಟಲ್ ಎಂದರು. ಉಪೇಂದ್ರ ಎಲ್ಲಿ ಗೋಗರೆದು ಕೆಲಸ ಗಿಟ್ಟಿಸುತ್ತಾನೋ ಎಂದು ಅನುಮಾನ ಬಂದು, ಇವರು ವೀಹಿಮೆಂಟ್ ಆಗಿ ವಾದಿಸಬಹುದು, ವಯಸ್ಸು, ಮನೆ, ಮಕ್ಕಳು ಎನ್ನಬಹುದು, ಅದನ್ನು ನಂಬುವುದರಿಂದ ಕಮಿಟಿ ಅಬ್‌ಸ್ಟೇನ್ ಆಗಬೇಕು ಎಂದೂ ಸೇರಿಸಿದರು. ಒಂದು ಕಿಂಡಿಯನ್ನೂ ಬಿಡಲಿಲ್ಲ. ಪಾಪ ಅನ್ನಿಸಲಿಲ್ಲವೇ? ಅನ್ನಿಸಿತು, ಅರ್ಧ ನಿಮಿಷ.

ವಿಶ್ವನಾಥ್ ಓದಿ, “ಅಬ್ಬಾ!” ಎಂದು ಅವರ ಕೈ ಕುಲುಕಿದರು. “ನೀವು ಬರೆಯೋ ಪತ್ರಗಳಿಗಿಂತ್ಲೂ ಚೆನ್ನಾಗಿದೆ ಕಣ್ರೀ.”

ಮೂರು ಗಂಟೆಗೆ ಮೇಲಿನ ಮಹಡಿಯಲ್ಲಿ ಮೂವರ ಕಮಿಟಿ ಕೂತಿತ್ತು. ಅಧ್ಯಕ್ಷರು ಹೆಡ್ ಆಫೀಸಿನ ರಂಜನಿ ಮೇಡಮ್. ಉಪೇಂದ್ರ ಮೊದಲು ಹೋಗಿ ಐದೇ ನಿಮಿಷದಲ್ಲಿ ಹೊರಬಂದ. ಬದರಿನಾಥರು ಮುಖ ಬೇರೆ ಕಡೆ ತಿರುಗಿಸಿಕೊಂಡು ಒಳಗೆ ನಡೆದರು.

ನಂಬಿ, ಅವತ್ತು ಅವರ ಇಂಗ್ಲಿಷು ನಲ್ಲಿಯಿಂದ ನೀರು ಸುರಿದ ಹಾಗೆ ಬಂತು. ಪಾಲಿಸಿಯ ಬಗ್ಗೆ ಕೇಳಿದರು, ಹೇಳಿದರು. ಗ್ರಾಹಕರ ದೂರಿನ ಬಗ್ಗೆ ಕೇಳಿದರು, ಅದಕ್ಕೂ ಹೇಳಿದರು. ಒಂದು ಕಡೆಯೂ ತಡವರಿಸಲಿಲ್ಲ. ರಂಜನಿ ಮೇಡಮ್ ಮುಖ ಅರಳಿತು, ಇವರ ಕಣ್ಣಿನ ಮುಂದೆ ಮಾನ್ಯಾಳ ಅರ್ಜಿ ನಿಜವಾಗತೊಡಗಿತು.

“ಬಹಳ ಚೆನ್ನಾಗಿ ಉತ್ತರಿಸಿದಿರಿ,” ಎಂದರು ಮೇಡಮ್ ಇಂಗ್ಲಿಷಿನಲ್ಲೇ. “ಆದರೆ ನಿಮ್ಮ ಮ್ಯಾನೇಜರರ ನೋಟ್ ಬಂದಿದೆ. ಓದುತ್ತೇನೆ, ಕೇಳಿ.”

ಓದಿದರು. ಬದರಿನಾಥ ಎಂಬ ಈ ನೌಕರರು ಇರ್ರಿಪ್ಲೇಸಬಲ್. ಬದರಿನಾಥರನ್ನು ಮೇಲಕ್ಕೆ ಕಳಿಸುವುದು ಸಂಸ್ಥೆಗೇ ಡೆಟ್ರಿಮೆಂಟಲ್. ಖಾಲಿ ಬಿಟ್ಟ ಒಂದೊಂದು ಜಾಗದಲ್ಲೂ ವಿಶ್ವನಾಥರ ಕೋಳಿಕಾಲು ಅಕ್ಷರದಲ್ಲಿ ಅವರದೇ ಹೆಸರು.

ಬದರಿನಾಥರು ಕುರ್ಚಿಯಿಂದ ಅರ್ಧ ಎದ್ದರು. “ಮೇಡಮ್, ದಯವಿಟ್ಟು... ನನಗೆ ಐವತ್ತೇಳು... ಮನೆಯಲ್ಲಿ ಮಗಳು...”

“ಅದನ್ನೂ ಬರೆದಿದ್ದಾರೆ ನೋಡಿ,” ಎಂದರು ಮೇಡಮ್ ಮರುಕದಿಂದ. “ನೀವು ವೀಹಿಮೆಂಟ್ ಆಗಿ ವಾದಿಸುತ್ತೀರಿ, ನಾವು ನಂಬಬಾರದು ಅಂತ. ಎಂಥ ಮುಂದಾಲೋಚನೆ! ಇಷ್ಟು ಗಟ್ಟಿಯಾದ ನೋಟನ್ನು ನನ್ನ ಸರ್ವಿಸಿನಲ್ಲೇ ಓದಿಲ್ಲ. ಇದನ್ನು ಮೀರಲು ನಮಗೆ ಒಂದು ಕಾರಣವೂ ಸಿಗುತ್ತಿಲ್ಲ.”

ಬರೆದವನು ನಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ, ಯಾರನ್ನು ಮನಸ್ಸಿನಲ್ಲಿಟ್ಟು ಬರೆದೆ ಎಂದು ಕೇಳುತ್ತಾರಲ್ಲ! ಅವರು ಆ ಮಾತನ್ನು ನುಂಗಿದರು. ಬೆಳಗಿನಿಂದ ಹೊಟ್ಟೆಗೆ ಹೋದದ್ದು ಅದೊಂದೇ.

“ಬೇಸರ ಬೇಡ. ನಿಮ್ಮ ಇಂಗ್ಲಿಷ್ ಚೆನ್ನಾಗಿದೆ,” ಎಂದು ಮೇಡಮ್ ಫೈಲು ಮುಚ್ಚಿದರು. “ದಿನಕ್ಕೆ ಅರ್ಧ ಗಂಟೆ ನಿಮ್ಮ ಮ್ಯಾನೇಜರ್ ಹತ್ತಿರ ಕೂತು ಕಲಿತುಕೊಳ್ಳಿ. ಇನ್ನೂ ಚೆನ್ನಾಗುತ್ತದೆ.”

ಕೆಳಗೆ ಉಪೇಂದ್ರ ಎಲ್ಲರಿಗೂ ಕಾಫಿ ಹಂಚುತ್ತಿದ್ದ. “ಮಣಲಿಗೆ ಹೋಗ್ತೀಯಾ ಅಂತ ತಮಿಳಲ್ಲೇ ಕೇಳಿದ್ರು ಬದರಿ ಸಾರ್. ಓ, ಹೋಗ್ತೀನಿ ಅಂದೆ. ಮುಗೀತು!” ಎಂದು ಇಡೀ ಮಹಡಿಗೆ ಕೇಳುವಂತೆ ನಕ್ಕು, ಬಗ್ಗಿ ಅವರ ಕಾಲು ಮುಟ್ಟಿದ. ಅವರು ಆಶೀರ್ವಾದ ಮಾಡಲೇಬೇಕಾಯಿತು.

ವಿಶ್ವನಾಥ್ ಬಾಗಿಲಿನಿಂದ ಇಣುಕಿ ಕರೆದರು. ಮುಖದಲ್ಲಿ ಎಳ್ಳಷ್ಟೂ ನಾಚಿಕೆ ಇರಲಿಲ್ಲ, ಪ್ರೀತಿ ಇತ್ತು.

“ತಪ್ಪು ತಿಳ್ಕೋಬೇಡಿ ಬದರಿ. ಎರಡು ತಿಂಗಳಿಂದ ನನ್ನ ಹೆಸರಲ್ಲಿ ನೀವು ಬರೆಯೋ ಪತ್ರ ನೋಡಿ ಹೆಡ್ ಆಫೀಸಲ್ಲಿ ನನಗೆ ಶಭಾಷ್ ಅಂತಿದಾರೆ. ನೀವು ಹೋದ್ರೆ ನನ್ನ ಗತಿ ಏನು ಹೇಳಿ? ಅದಿರ್ಲಿ, ಸೋಮವಾರ ಉಪೇಂದ್ರನ ಬೀಳ್ಕೊಡುಗೆ. ನಾನು ಇಂಗ್ಲಿಷಲ್ಲಿ ನಾಲ್ಕು ಮಾತು ಆಡ್ಬೇಕು. ಒಂದು ಭಾಷಣ ಬರ್ಕೊಡಿ. ಹೇಗಿರ್ಬೇಕು ಅಂದ್ರೆ, ಕೇಳಿದ್ರೆ ಕಣ್ಣಲ್ಲಿ ನೀರು ಬರ್ಬೇಕು.”

“ಯಾರ ಕಣ್ಣಲ್ಲಿ ಸಾರ್?” ಎಂದು ಕೇಳಿ, ಬದರಿನಾಥರು ಪೆನ್ನಿನ ಕ್ಯಾಪು ತೆಗೆದರು.