ಸಾಕು ಅಂದರೂ ಕೇಳದವರು

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಯಮನೂರಿನ ದರ್ಗಾದ ಮುಂದೆ ನಿಂತು ಆಣೆ ಮಾಡುತ್ತೇನೆ. ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಶಾಣ್ಯಾ ಮಂದಿ ಇರುವ ಮನೆ, ಅದರಲ್ಲೂ ನಾನಿರುವ ಮನೆ.

೧

ಅಣ್ಣನ ಮಗಳು ಧಾರವಾಡದಲ್ಲಿ ಸಂಶೋಧನೆ ಮಾಡುತ್ತಾಳೆ. ಜೀವಕೋಶಕ್ಕೆ ‘ಎರಡಾಗು’, ‘ಸಾಕು’, ‘ಸಾಯಿ’ ಅಂತ ಅಪ್ಪಣೆ ಕೊಡುವವರು ಯಾರು, ಅವರಿಗೆ ಅಪ್ಪಣೆ ಕೊಡುವವರು ಯಾರು ಎಂಬ ನಕ್ಷೆ ಬರೆದು ಕಂಪ್ಯೂಟರಿನಲ್ಲಿ ಓಡಿಸುವುದು ಅವಳ ಕೆಲಸ. ರಜೆಗೆ ಕುಂದಗೋಳಕ್ಕೆ ಬಂದವಳು ನಮ್ಮ ಪಡಸಾಲೆಯ ಗೋಡೆ ತುಂಬ ಸೀಮೆಸುಣ್ಣದಿಂದ ಬಾಣ ಬರೆದಳು.

ಬಾಜೂಮನೆಯವರು ಬಂದು ಬಹಳ ಹೊತ್ತು ನೋಡಿದರು. "ಪೈಪ್‌ಲೈನ್ ನನ್ನ ಹೊಲದಾಗ ಹಾಯಿಸಿದ್ರ ಸಹಿ ಮಾಡೂದಿಲ್ಲ ನೋಡ್ರಿ!"

"ವಿಚಾರ ಮಾಡೂಣು ಬಿಡ್ರಿ," ಅಂದೆ ನಾನು.

ಮರುದಿನ ಅವರ ಮನೆಯಿಂದ ಒಂದು ಡಬ್ಬಿ ಬೆಣ್ಣೆ ಬಂತು.

೨

ನನ್ನ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಡಾಕ್ಟರು ಹೇಳಿದ್ದೂ ಆಗಲೇ. "ಏನಾಗೇತವ್ವಾ ನನಗ?" ಎಂದು ಆಕೆ ಅಣ್ಣನ ಮಗಳನ್ನು ಕೇಳಿದಳು.

ಚಿಕ್ಕಮ್ಮನನ್ನು ಕಾಕು ಅಂತಲೇ ಕರೆಯುವ ಆ ಹುಡುಗಿ ಗೋಡೆಯ ಒಂದು ಗೆರೆಯ ಮೇಲೆ ಬೆರಳಿಟ್ಟಳು. "ಇದು ‘ಸಾಕು’ ಅನ್ನೂದು, ಕಾಕು. ಆ ಕೋಶಗಳು ಇದರ ಮಾತು ಕೇಳವಲ್ವು."

ನಾನು ಎದ್ದು ನಿಂತೆ. "ಇದಕ್ಕ ಇಷ್ಟು ಓದಬೇಕೇನ? ಉಣ್ಣಾವ್ರು ಸಾಕು ಸಾಕು ಅಂತ ತಾಟಿಗೆ ಎರಡೂ ಕೈ ಅಡ್ಡ ಹಿಡದ್ರೂ ನಿಮ್ಮ ಕಾಕು ಬೆರಳಸಂದ್ಯಾಗ ತುಪ್ಪಾ ಸುರೀತಾಳ. ಲಗ್ನ ಆದಾಗಿಂದ ನಾ ಸಾಕು ಅನ್ನಾಕ್ಹತ್ತೇನಿ, ಒಮ್ಮೆರ ಕೇಳ್ಯಾಳೇನು?"

ಹೆಂಡತಿ ನಕ್ಕುಬಿಟ್ಟಳು. "ಹಂಗಾರ ಅವು ನನ್ನ ಗುಣಾನ ಕಲ್ತಾವ!"

೩

ಒಂದು ಬೆಳಿಗ್ಗೆ ಅಣ್ಣನ ಮಗಳು ‘ಸಾಯಬೇಡ’ ಅನ್ನುವ ಬಾಣವೊಂದನ್ನು ತೆಗೆದು ನಕ್ಷೆ ಓಡಿಸಿದಳು. ಲ್ಯಾಪ್‌ಟಾಪಿನಲ್ಲಿ ರೋಗದ ಕೋಶಗಳೆಲ್ಲ ಸತ್ತವು. ನಾನು ಅಡುಗೆಮನೆಗೆ ಓಡಿ, "ಆರಾಮಾದಿ! ಎಲ್ಲಾ ಸತ್ತುವು!" ಎಂದು ಕೂಗಿದೆ.

ಮಗಳು ಹಿಂದೆಯೇ ಓಡಿಬಂದಳು. "ಕಾಕಾ, ಅವು ಕಂಪ್ಯೂಟರ್‌ನ್ಯಾಗಿನ್ವು! ಔಷಧ ಆಗಾಕ ಇನ್ನೂ ಭಾಳ ವರ್ಷ ಬೇಕು."

ಹೆಂಡತಿ ನಮ್ಮಿಬ್ಬರ ಮುಖ ನೋಡಿದಳು. "ಇರ್ಲಿ ಬಿಡವ್ವಾ. ಎಲ್ಲೋ ಒಂದು ಕಡೆ ಸತ್ತುವಲ್ಲ," ಎಂದು ಗೋಧಿಹುಗ್ಗಿ ಮಾಡಿದಳು. ನಮ್ಮ ಕೈ ತಾಟಿನ ಮೇಲೆ, ಹುಗ್ಗಿ ನಮ್ಮ ಕೈಮೇಲೆ.

೪

ಶ್ರಾವಣದ ಹೊತ್ತಿಗೆ ಹೆಂಡತಿ ಹಾಸಿಗೆ ಹಿಡಿದಳು, ಬಡಿಸುವ ಕೆಲಸ ನನಗೆ ಬಂತು. ನನ್ನಂಥ ಬಡಿಸುವವ ಜಿಲ್ಲೆಯಲ್ಲೇ ಇಲ್ಲ. ಗಂಜಿಯ ಚಮಚ ಹಿಡಿದೆ. ಆಕೆ ಬಾಯಿಗೆ ಎರಡೂ ಕೈ ಅಡ್ಡ ಇಟ್ಟಳು.

"ಸಾಕ್ರಿ."

ಗಂಜಿ ಅಷ್ಟೇ ಅಲ್ಲ, ಸೂಜಿ, ಆಸ್ಪತ್ರೆ, ಎಲ್ಲಾ. ಆಕೆಯ ಬಾಯಲ್ಲಿ ಆ ಮಾತು ಅದೇ ಮೊದಲ ಸಲ ಕೇಳಿದ್ದು.

"ನಾ ಸಾಕಂದ್ರ ನೀ ಒಮ್ಮೆರ ಕೇಳೀಯೇನು?" ಎಂದು ಬೆರಳಸಂದಿಯಲ್ಲೇ ಸುರಿದೆ. ನಕ್ಕಳು, ನುಂಗಿದಳು. ಮೂರನೆಯ ದಿನ ಹೋದಳು.

ಗೋಡೆಯ ಬಾಣಗಳನ್ನು ನಾನಿನ್ನೂ ಒರೆಸಿಲ್ಲ. ಬಾಜೂಮನೆಯವರು ಇನ್ನೂ ಬೆಣ್ಣೆ ಕಳಿಸುತ್ತಾರೆ.

ಎಲ್ಲಾ ಖರೆ. ನುಂಗಿದಳು ಅಂದೆನಲ್ಲ, ಅದೊಂದು ಮಾತ್ರ ನಾನು ಸೇರಿಸಿದ್ದು.